ತಲೆಯ ಮೇಲಿನ ಪೆಟ್ಟಿಗೆ: ಚಾವಣಿಗೆ ಫ್ಯಾನ್, ದೀಪ ತೂಗುಹಾಕುವ ಮುನ್ನ ತಿಳಿದಿರಬೇಕಾದದ್ದು

ಹಬ್ಬಕ್ಕೆಂದು ಮನೆಗೆ ಸುಣ್ಣಬಣ್ಣವಾದೊಡನೆ ಹಳೆಯ ಫ್ಯಾನು ಕಣ್ಣಿಗೆ ಸಹ್ಯವಾಗುವುದಿಲ್ಲ. ಹೊಸದನ್ನು ತರಲು ಅಂಗಡಿಗೆ ಹೋಗುವ ಗೃಹಸ್ಥರು ರೆಕ್ಕೆಯ ಬಣ್ಣ, ಬೆಲೆ, ಸ್ಟಾರ್ ಗುರುತು, ವಾರಂಟಿ ಎಲ್ಲವನ್ನೂ ವಿಚಾರಿಸುತ್ತಾರೆ. ಕೇಳದೆ ಉಳಿಯುವುದು ಒಂದೇ ಪ್ರಶ್ನೆ: ಇದನ್ನು ಹೊರಬೇಕಾದ ಚಾವಣಿಯೊಳಗೆ ಏನಿದೆ?

ಚಾವಣಿಯಿಂದ ತಂತಿ ಇಳಿದಿರುವ ಜಾಗವೆಲ್ಲ ಭಾರ ಹೊರುವ ಜಾಗವಲ್ಲ. ತಂತಿಗಳನ್ನು ಕೂಡಿಸಲು ಇಟ್ಟ ಪೆಟ್ಟಿಗೆಯೇ ಬೇರೆ, ತೂಕವನ್ನು ಹಿಡಿದಿಡಲು ಇಟ್ಟ ಪೆಟ್ಟಿಗೆಯೇ ಬೇರೆ. ಕೆಳಗೆ ನಿಂತು ನೋಡಿದರೆ ಎರಡೂ ಒಂದೇ ಬಗೆಯ ದುಂಡು ಮುಚ್ಚಳದಂತೆ ಕಾಣುತ್ತವೆ. ಈ ವ್ಯತ್ಯಾಸವನ್ನು ಅರಿಯದೆ ಮಾಡಿದ ಕೆಲಸದ ಫಲ ಮಂಚದ ಮೇಲೆ, ಊಟದ ಮೇಜಿನ ಮೇಲೆ, ಮಗುವಿನ ತೊಟ್ಟಿಲ ಮೇಲೆ ತೂಗುತ್ತಿರುತ್ತದೆ. ಆದ್ದರಿಂದ ಮೊದಲು ಪೆಟ್ಟಿಗೆಯನ್ನು ಗುರುತಿಸಿ, ಅನಂತರ ಸಾಮಾನನ್ನು ಆರಿಸುವುದೇ ಸರಿಯಾದ ಕ್ರಮ.

ಎರಡು ಬಗೆಯ ಪೆಟ್ಟಿಗೆಗಳು

ಕಾಂಕ್ರೀಟ್ ತಾರಸಿಯ ಮನೆಗಳಲ್ಲಿ ವಿದ್ಯುತ್ ಪೈಪುಗಳನ್ನೂ ಪೆಟ್ಟಿಗೆಗಳನ್ನೂ ಕಾಂಕ್ರೀಟ್ ಸುರಿಯುವ ಮೊದಲೇ ಸೆಂಟ್ರಿಂಗ್ ಹಲಗೆಯ ಮೇಲೆ ಇರಿಸಲಾಗುತ್ತದೆ. ಆಗ ಇಡುವ ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಫ್ಯಾನ್ ಬಾಕ್ಸ್. ಇದು ಕಬ್ಬಿಣದ ತಗಡಿನಿಂದ ಮಾಡಿದ, ದುಂಡಗಿನ ಅಥವಾ ಆರು ಮೂಲೆಯ ಪೆಟ್ಟಿಗೆ. ಬಾಯಿ ಸರಿಸುಮಾರು ಅಂಗೈ ಅಗಲ. ಇದರ ಒಳಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಹಾದುಹೋಗಿರುತ್ತದೆ. ಸಾಮಾನ್ಯವಾಗಿ 10ರಿಂದ 12 ಮಿ.ಮೀ. ದಪ್ಪದ್ದು. ಸರಳಿನ ಎರಡು ತುದಿಗಳೂ ಪೆಟ್ಟಿಗೆಯಿಂದ ಹೊರಚಾಚಿ ತಾರಸಿಯ ಕಂಬಿಗಳ ಮೇಲೆ ಕುಳಿತು, ಅವಕ್ಕೆ ಬಿಗಿಯಲ್ಪಟ್ಟು, ಕಾಂಕ್ರೀಟಿನಲ್ಲಿ ಹೂತುಹೋಗುತ್ತವೆ. ಇಲ್ಲಿ ಭಾರ ಹೊರುವುದು ತಗಡಿನ ಪೆಟ್ಟಿಗೆಯಲ್ಲ. ಆ ಸರಳು ಮತ್ತು ಅದನ್ನು ಹಿಡಿದ ತಾರಸಿ. ಕೆಲವು ಮನೆಗಳಲ್ಲಿ ಪೆಟ್ಟಿಗೆಯಿಲ್ಲದೆ ಕಂಬಿಗೆ ಕಟ್ಟಿದ ಕೊಕ್ಕೆ ಮಾತ್ರ ಚಾವಣಿಯಿಂದ ಹೊರಬಂದಿರುವುದೂ ಉಂಟು.

ಎರಡನೆಯದು ಜಂಕ್ಷನ್ ಬಾಕ್ಸ್. ಆಳವಾಗಿರುವುದರಿಂದ ಕೆಲಸಗಾರರ ಮಾತಿನಲ್ಲಿ ಇದು ಡೀಪ್ ಬಾಕ್ಸ್. ಪಿವಿಸಿಯಿಂದ ಮಾಡಿದ್ದು, ಪೈಪುಗಳು ಬಂದು ಸೇರುವ ದಾರಿಗಳ ಲೆಕ್ಕದಲ್ಲಿ ಒನ್ ವೇ, ಟೂ ವೇ, ತ್ರೀ ವೇ, ಫೋರ್ ವೇ ಎಂದು ಮಾರಾಟವಾಗುತ್ತದೆ. ಬಾಯಿ ಚಿಕ್ಕದು. ಅಂಚಿನಲ್ಲಿ ಎರಡು ಸಣ್ಣ ಕಿವಿಗಳಿದ್ದು, ಮುಚ್ಚಳವನ್ನೋ ಹಗುರ ದೀಪದ ಪಟ್ಟಿಯನ್ನೋ ಸ್ಕ್ರೂ ಹಾಕಿ ಹಿಡಿಸಲು ಅವು ಸಾಕು. ತಂತಿಗಳನ್ನು ಎಳೆಯುವುದು, ಜೋಡಿಸುವುದು, ಮುಂದೆ ಕಳಿಸುವುದು ಇದರ ಕೆಲಸ. ಫ್ಯಾನನ್ನು ಹೊರುವುದು ಇದರ ಕೆಲಸವಲ್ಲ, ಎಂದೂ ಅಲ್ಲ.

ಅಮೆರಿಕದಲ್ಲಿ ಈ ವ್ಯತ್ಯಾಸವನ್ನು ನಿಯಮವೇ ಸ್ಪಷ್ಟಪಡಿಸಿದೆ. ಅಲ್ಲಿನ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಪ್ರಕಾರ ಚಾವಣಿಯ ದೀಪದ ಪೆಟ್ಟಿಗೆ ಕನಿಷ್ಠ 50 ಪೌಂಡ್, ಅಂದರೆ ಸುಮಾರು 23 ಕೆ.ಜಿ. ತೂಕದ ದೀಪವನ್ನು ಹೊರುವಂತಿರಬೇಕು. ಆದರೂ ಫ್ಯಾನನ್ನು ಅದರಿಂದ ತೂಗುಬಿಡುವಂತಿಲ್ಲ. ಫ್ಯಾನಿಗೆಂದೇ ಪರೀಕ್ಷಿಸಿ ಗುರುತು ಹಾಕಿದ ಪೆಟ್ಟಿಗೆಯೇ ಬೇಕು. ನಮ್ಮ ತಾರಸಿಯೊಳಗೆ ಹೂತ ಪೆಟ್ಟಿಗೆಗಳಲ್ಲಿ ಇಂಥ ಬರಹ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಹಾಗಾಗಿ ಕಣ್ಣಿನಿಂದಲೇ ಗುರುತಿಸುವುದು ಅನಿವಾರ್ಯ.

ಫ್ಯಾನಿಗೆ ಇಷ್ಟು ಎಚ್ಚರಿಕೆ ಏಕೆ ಎಂಬ ಪ್ರಶ್ನೆ ಸಹಜ. ಸಾಮಾನ್ಯ ಫ್ಯಾನಿನ ತೂಕ 3ರಿಂದ 5 ಕೆ.ಜಿ. ಇದ್ದೀತು. ಆದರೆ ದೀಪ ಸುಮ್ಮನೆ ತೂಗುತ್ತದೆ. ಫ್ಯಾನು ತೂಗುತ್ತಲೇ ತಿರುಗುತ್ತದೆ. ನಿಮಿಷಕ್ಕೆ 350 ಸುತ್ತಿನಂತೆ ದಿನಕ್ಕೆ 12 ಗಂಟೆ ಓಡಿದರೆ ಅದು ಹಾಕುವ ಸುತ್ತು ಎರಡೂವರೆ ಲಕ್ಷಕ್ಕೂ ಹೆಚ್ಚು. ಪ್ರತಿ ಸುತ್ತಿನ ಸಣ್ಣ ನಡುಕವೂ ಕೊಕ್ಕೆ, ಬೋಲ್ಟು, ಸ್ಕ್ರೂಗಳನ್ನು ಅಲುಗಿಸುತ್ತದೆ. ಪಿವಿಸಿ ಪೆಟ್ಟಿಗೆಯ ಕಿವಿಗಳು ತಾಳದೆ ಹೋಗುವುದು ಈ ಕಾರಣದಿಂದಲೇ.

ಗುರುತಿಸುವ ಬಗೆ

ಪೆಟ್ಟಿಗೆಯನ್ನು ತೆರೆಯುವ ಮುನ್ನ ವಿದ್ಯುತ್ ನಿಲ್ಲಿಸಬೇಕು. ನಿಲ್ಲಿಸುವುದು ಹೇಗೆಂಬುದನ್ನು ಮುಂದೆ ವಿವರಿಸಲಾಗಿದೆ. ಅನಂತರ ಮುಚ್ಚಳವನ್ನೋ ಫ್ಯಾನಿನ ಬಟ್ಟಲಿನಾಕಾರದ ಕ್ಯಾನೋಪಿಯನ್ನೋ ಕೆಳಗೆ ಸರಿಸಿ, ಟಾರ್ಚ್ ಬೆಳಕಿನಲ್ಲಿ ಈ ಅಂಶಗಳನ್ನು ನೋಡಬೇಕು.

ಅಡ್ಡ ಸರಳು ಇದೆಯೇ? ಇದ್ದರೆ ಅದು ಫ್ಯಾನ್ ಬಾಕ್ಸ್. ಸರಳಿನ ಎರಡೂ ಬದಿ ಕಾಂಕ್ರೀಟಿನೊಳಕ್ಕೆ ಹೋಗಿರುವುದು ಕಾಣಬೇಕು. ತಗಡಿಗೆ ಮಾತ್ರ ಬೆಸುಗೆ ಹಾಕಿದಂತಿದ್ದರೆ ನಂಬಬಾರದು.

ಪೆಟ್ಟಿಗೆ ಲೋಹದ್ದೇ, ಪ್ಲಾಸ್ಟಿಕ್ಕಿನದೇ? ಬಣ್ಣ ಬಳಿದು ತಿಳಿಯದಂತಾಗಿದ್ದರೆ ಚಿಕ್ಕದೊಂದು ಅಯಸ್ಕಾಂತವನ್ನು ಅಂಚಿಗೆ ಮುಟ್ಟಿಸಿದರೆ ಗೊತ್ತಾಗುತ್ತದೆ. ಆದರೆ ಅಯಸ್ಕಾಂತ ಹಿಡಿದ ಮಾತ್ರಕ್ಕೆ ಅದು ಫ್ಯಾನ್ ಬಾಕ್ಸ್ ಎಂದಾಗುವುದಿಲ್ಲ. ಹಳೆಯ ಕಟ್ಟಡಗಳಲ್ಲಿ ಲೋಹದ ಜಂಕ್ಷನ್ ಬಾಕ್ಸ್‌ಗಳೂ ಇವೆ. ಅಂತಿಮ ಸಾಕ್ಷಿ ಸರಳೇ ಹೊರತು ತಗಡಲ್ಲ.

ಸರಳು ಆರೋಗ್ಯವಾಗಿದೆಯೇ? ತುಕ್ಕು ಹಿಡಿದು ಪದರ ಏಳುತ್ತಿದ್ದರೆ, ಹಳೆಯ ಫ್ಯಾನು ಉಜ್ಜಿ ಉಜ್ಜಿ ಸರಳಿನಲ್ಲಿ ಗಾಡಿ ಬಿದ್ದಿದ್ದರೆ, ಸುತ್ತಲಿನ ಕಾಂಕ್ರೀಟು ಉದುರುತ್ತಿದ್ದರೆ ಹೊಸ ಫ್ಯಾನನ್ನು ಅಲ್ಲಿ ಹಾಕಬಾರದು.

ನೀರಿನ ಗುರುತು ಇದೆಯೇ? ಕೊನೆಯ ಮಹಡಿಯ ಮನೆಗಳಲ್ಲಿ ಮಳೆಗಾಲದ ನೀರು ತಾರಸಿಯ ಬಿರುಕಿನಿಂದ ಪೈಪಿಗಿಳಿದು ಪೆಟ್ಟಿಗೆಗೆ ಬರುವುದುಂಟು. ದೀಪದ ಗಾಜಿನ ಬಟ್ಟಲಿನಲ್ಲಿ ನೀರು ನಿಂತ ಉದಾಹರಣೆಗಳಿಗೆ ಕೊರತೆಯಿಲ್ಲ. ಇಂಥ ಕಡೆ ಮೊದಲು ತಾರಸಿಯ ಸೋರಿಕೆ ನಿಲ್ಲಬೇಕು, ಪೈಪು ಒಣಗಬೇಕು, ಆಮೇಲೆ ದೀಪ.

ಹಳೆಯ ಮನೆಗಳಲ್ಲಿ

ಕಾಂಕ್ರೀಟ್ ಬರುವ ಮುನ್ನ ಕಟ್ಟಿದ ಮನೆಗಳಲ್ಲಿ ಪೆಟ್ಟಿಗೆಯೇ ಇರುವುದಿಲ್ಲ. ತೊಲೆ, ಜಂತೆಗಳ ಮದ್ರಾಸ್ ತಾರಸಿಯಲ್ಲಾಗಲಿ, ಮಂಗಳೂರು ಹೆಂಚಿನ ಮಾಡಿನಲ್ಲಾಗಲಿ ತಂತಿಯು ಮರದ ಪಟ್ಟಿಯ ಮೇಲೆ ಅಥವಾ ಕೇಸಿಂಗ್ ಕ್ಯಾಪಿಂಗ್‌ನೊಳಗೆ ಬಂದು, ಮರದ ರೌಂಡ್ ಬ್ಲಾಕಿನ ಮೇಲಿನ ಸೀಲಿಂಗ್ ರೋಸ್‌ನಲ್ಲಿ ಮುಗಿಯುತ್ತದೆ. ಸೀಲಿಂಗ್ ರೋಸ್ ಎಂದರೆ ತಂತಿಗಳನ್ನು ಜೋಡಿಸುವ ಪುಟ್ಟ ಬಿಲ್ಲೆ. ಒಂದು ಬಲ್ಬು, ಅದರ ಹೋಲ್ಡರು, ಅಬ್ಬಬ್ಬಾ ಎಂದರೆ ಒಂದು ಹಗುರ ಬುರುಡೆ ಅದರ ಮಿತಿ.

ಇಂಥ ಮನೆಗಳಲ್ಲಿ ಫ್ಯಾನು ತೊಲೆಗೇ ತೂಗಬೇಕು. ತೊಲೆಯನ್ನು ಸುತ್ತಿ ಹಿಡಿಯುವ ಕಬ್ಬಿಣದ ಕ್ಲ್ಯಾಂಪ್ ಅಥವಾ ತೊಲೆಯ ಆರಪಾರ ಹಾಯ್ದು ಮೇಲೆ ನಟ್ಟು, ವಾಷರು ಬಿಗಿದ ಕೊಕ್ಕೆ ಇದಕ್ಕೆ ತಕ್ಕುದು. ಕೆಳಗಿನಿಂದ ಮರಕ್ಕೆ ತಿರುಗಿಸಿ ಕೂರಿಸಿದ ಸ್ಕ್ರೂ ಕೊಕ್ಕೆ ಫ್ಯಾನಿನ ನಡುಕಕ್ಕೆ ನಿಧಾನವಾಗಿ ಸಡಿಲಗೊಳ್ಳುತ್ತದೆ. ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡುವುದು ಅಗತ್ಯ. ಟೊಳ್ಳು ಸದ್ದು ಬಂದರೆ ಬಡಗಿಯ ಅಭಿಪ್ರಾಯ ಕೇಳಬೇಕು. ತೆಳುವಾದ ಜಂತೆಗಳ ಮೇಲೆ ಫ್ಯಾನಿನ ಭಾರ ಹಾಕುವುದು ಸಲ್ಲದು.

ಜಿಪ್ಸಮ್ ಚಾವಣಿಯ ಭ್ರಮೆ

ಇಂದಿನ ಫ್ಲ್ಯಾಟ್‌ಗಳಲ್ಲಿ ನಿಜವಾದ ಚಾವಣಿ ಕಣ್ಣಿಗೇ ಬೀಳುವುದಿಲ್ಲ. ಅದರ ಕೆಳಗೆ ಜಿಪ್ಸಮ್ ಹಲಗೆಯ ಅಥವಾ ಪಿಒಪಿಯ ಹುಸಿ ಚಾವಣಿ ತೂಗುತ್ತಿರುತ್ತದೆ. ಸಾಮಾನ್ಯ ಜಿಪ್ಸಮ್ ಹಲಗೆಯ ದಪ್ಪ 12.5 ಮಿ.ಮೀ. ಮಾತ್ರ. ತೆಳು ತಗಡಿನ ಪಟ್ಟಿಗಳ ಆಧಾರದಲ್ಲಿ ತನ್ನ ತೂಕವನ್ನು ತಾನು ಹೊತ್ತುಕೊಳ್ಳುವುದಷ್ಟೇ ಅದರ ಶಕ್ತಿ. ರಂಧ್ರದಲ್ಲಿ ಸ್ಪ್ರಿಂಗ್ ಕ್ಲಿಪ್ಪಿನಿಂದ ಕೂರುವ ಎಲ್‌ಇಡಿ ದೀಪಗಳನ್ನು ಅದು ಹಿಡಿದೀತು. ಫ್ಯಾನನ್ನಾಗಲಿ ತೂಗುದೀಪವನ್ನಾಗಲಿ ಖಂಡಿತ ಹಿಡಿಯದು.

ಆದ್ದರಿಂದ ಹುಸಿ ಚಾವಣಿಯಿರುವಲ್ಲಿ ಫ್ಯಾನಿನ ಡೌನ್ ರಾಡ್ ಅದನ್ನು ಮುಟ್ಟದಂತೆ ರಂಧ್ರದ ಮೂಲಕ ಹಾದು, ಮೇಲಿನ ಕಾಂಕ್ರೀಟಿನ ಸರಳಿಗೇ ಸೇರಬೇಕು. ಅದಕ್ಕಾಗಿ ಉದ್ದನೆಯ ರಾಡ್ ಬೇಕಾಗುತ್ತದೆ. ಹುಸಿ ಚಾವಣಿ ಹಾಕಿಸುವಾಗಲೇ ಫ್ಯಾನ್ ಬಾಕ್ಸ್ ಇರುವ ಜಾಗವನ್ನು ಅಳೆದು ಬರೆದಿಟ್ಟುಕೊಳ್ಳದಿದ್ದರೆ, ಮುಂದೊಂದು ದಿನ ಅದನ್ನು ಹುಡುಕಲು ಹೊಸ ಚಾವಣಿಯನ್ನೇ ಒಡೆಯಬೇಕಾದೀತು.

ವಿದ್ಯುತ್ ನಿಜವಾಗಿಯೂ ನಿಂತಿದೆಯೇ?

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್ ವಿದ್ಯುತ್. ಸ್ವಿಚ್ ಆರಿಸಿದರೆ ಚಾವಣಿಯ ತಂತಿ ನಿರ್ಜೀವವಾಯಿತು ಎಂಬುದು ಸಾಮಾನ್ಯ ನಂಬಿಕೆ. ಇದು ತಪ್ಪಾಗಲು ಮೂರು ಕಾರಣಗಳಿವೆ.

ಒಂದು, ಸ್ವಿಚ್ಚನ್ನು ಫೇಸ್ ತಂತಿಗೆ ಹಾಕುವ ಬದಲು ನ್ಯೂಟ್ರಲ್ ತಂತಿಗೆ ಹಾಕಿರಬಹುದು. ಆಗ ದೀಪ ಆರುತ್ತದೆ, ಆದರೆ ಚಾವಣಿಯಲ್ಲಿ ಫೇಸ್ ಜೀವಂತವಾಗಿಯೇ ಇರುತ್ತದೆ. ಎರಡು, ಅದೇ ಪೆಟ್ಟಿಗೆಯ ಮೂಲಕ ಬೇರೆ ಕೋಣೆಗೆ ಹೋಗುವ ತಂತಿಗಳು ಹಾದಿರಬಹುದು. ಈ ಸ್ವಿಚ್ಚಿಗೂ ಅವಕ್ಕೂ ಸಂಬಂಧವಿಲ್ಲ.

ಮೂರನೆಯದು ಕರ್ನಾಟಕದ ನಗರಗಳ ಮನೆಮನೆಯಲ್ಲೂ ಇರುವ ಯುಪಿಎಸ್. ವಿದ್ಯುತ್ ಹೋದಾಗ ಉರಿಯಬೇಕೆಂದು ಯುಪಿಎಸ್‌ಗೆ ಜೋಡಿಸುವುದು ಹೆಚ್ಚಾಗಿ ದೀಪ ಮತ್ತು ಫ್ಯಾನುಗಳನ್ನೇ. ಮೇನ್ ಸ್ವಿಚ್ ಇಳಿಸಿದೊಡನೆ ಯುಪಿಎಸ್ ತನ್ನ ಕರ್ತವ್ಯವೆಂಬಂತೆ ಬ್ಯಾಟರಿಯಿಂದ ಅದೇ 230 ವೋಲ್ಟನ್ನು ಚಾವಣಿಗೆ ಕಳಿಸುತ್ತದೆ. ಮೇನ್ ಇಳಿಸಿದ್ದೇನೆಂಬ ಧೈರ್ಯದಿಂದ ಏಣಿ ಹತ್ತಿದವರ ಕೈಗೆ ಸಿಗುವುದು ಇದು. ಯುಪಿಎಸ್‌ನ ಮುಂಭಾಗದ ಗುಂಡಿಯನ್ನು ಮಾತ್ರ ಆರಿಸಿದರೂ ಸಾಲದು. ಎಷ್ಟೋ ಯಂತ್ರಗಳು ಆಗಲೂ ಹೊರಗಿನ ವಿದ್ಯುತ್ತನ್ನು ನೇರವಾಗಿ ದಾಟಿಸುತ್ತವೆ. ಯುಪಿಎಸ್ಸನ್ನೂ ಆರಿಸಬೇಕು, ಮೇನನ್ನೂ ಇಳಿಸಬೇಕು. ಎಂಸಿಬಿ ಪೆಟ್ಟಿಗೆಯ ಮೇಲೆ ‘ಕೆಲಸ ನಡೆದಿದೆ’ ಎಂದೊಂದು ಚೀಟಿ ಅಂಟಿಸಿ, ಮನೆಯವರೆಲ್ಲರಿಗೂ ತಿಳಿಸುವುದು ಲೇಸು.

ಅನಂತರವೂ ಪರೀಕ್ಷೆ ಬೇಕು. ಸ್ಕ್ರೂಡ್ರೈವರ್ ರೂಪದ ನಿಯಾನ್ ಟೆಸ್ಟರನ್ನು ಮೇನ್ ಇಳಿಸುವ ಮುನ್ನ ವಿದ್ಯುತ್ ಇರುವ ಸಾಕೆಟ್ಟಿನಲ್ಲಿಟ್ಟು, ಅದು ಬೆಳಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಟೆಸ್ಟರ್ ಬೆಳಗದಿರುವುದೇ ವಿದ್ಯುತ್ ಇಲ್ಲವೆಂಬುದಕ್ಕೆ ಪೂರ್ಣ ಪ್ರಮಾಣವಲ್ಲ; ಹಗಲ ಬೆಳಕಿನಲ್ಲಿ ಮಂದ ಹೊಳಪು ಕಾಣದೆ ಹೋಗಬಹುದು, ಒಳಗಿನ ದೀಪ ಕೆಟ್ಟಿರಬಹುದು. ಬಳಕೆ ಬಲ್ಲವರಿಗೆ ಮಲ್ಟಿಮೀಟರ್ ಹೆಚ್ಚು ವಿಶ್ವಾಸಾರ್ಹ. ಮಂಡಲದಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದ್ದರೆ ಅದೊಂದು ರಕ್ಷಣೆಯೇ ಸರಿ. ಆದರೆ ಫೇಸ್, ನ್ಯೂಟ್ರಲ್‌ಗಳೆರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಕಾಯದು.

ತಂತಿಯ ಬಣ್ಣಗಳು

ನಮ್ಮ ಮನೆಗಳಲ್ಲಿ ರೂಢಿಯ ಪ್ರಕಾರ ಕೆಂಪು, ಹಳದಿ ಅಥವಾ ನೀಲಿ ತಂತಿ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅಥವಾ ಹಸಿರು-ಹಳದಿ ಪಟ್ಟೆಯದು ಅರ್ಥ್. ಆದರೆ ಈಗ ಮಾರುಕಟ್ಟೆಗೆ ಬರುವ ಅನೇಕ ಎಲ್‌ಇಡಿ ದೀಪಗಳಲ್ಲಿ ಅಂತರರಾಷ್ಟ್ರೀಯ ಪದ್ಧತಿಯಂತೆ ಕಂದು ಬಣ್ಣ ಫೇಸ್, ನೀಲಿ ನ್ಯೂಟ್ರಲ್. ಅಂದರೆ ಚಾವಣಿಯಲ್ಲಿ ಫೇಸ್ ಆಗಿರಬಹುದಾದ ನೀಲಿ, ದೀಪದಲ್ಲಿ ನ್ಯೂಟ್ರಲ್ ಆಗಿರುತ್ತದೆ. ನೀಲಿಗೆ ನೀಲಿಯನ್ನು ಕೂಡಿಸುವ ಉತ್ಸಾಹ ಇಲ್ಲಿ ಸಲ್ಲದು.

ಅಮೆರಿಕದಿಂದ ಮಕ್ಕಳು ತಂದುಕೊಟ್ಟ ತೂಗುದೀಪದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಲಿ ಕಪ್ಪು ತಂತಿಯೇ ಫೇಸ್, ಬಿಳಿ ನ್ಯೂಟ್ರಲ್. ನಮ್ಮ ರೂಢಿಗೆ ಸಂಪೂರ್ಣ ತಿರುಗುಮುರುಗು. ಸಾಲದ್ದಕ್ಕೆ ಅಲ್ಲಿನ ಮನೆಗಳ ಸರಬರಾಜು 120 ವೋಲ್ಟ್, 60 ಹರ್ಟ್ಸ್. ಆ ವೋಲ್ಟೇಜಿಗಷ್ಟೇ ಮಾಡಿದ ಬಲ್ಬು, ಫ್ಯಾನುಗಳು ಇಲ್ಲಿ ಕೂಡಲೇ ಸುಟ್ಟುಹೋಗುತ್ತವೆ. ಬಣ್ಣ ಯಾವುದೇ ಇರಲಿ, ಹಿಂದೆ ಕೆಲಸ ಮಾಡಿದವರು ಕೈಗೆ ಸಿಕ್ಕ ತಂತಿಯನ್ನು ಬಳಸಿರುವ ಸಾಧ್ಯತೆ ಇದ್ದೇ ಇರುವುದರಿಂದ, ಪರೀಕ್ಷಿಸಿ ನೋಡದೆ ಯಾವ ಬಣ್ಣವನ್ನೂ ನಂಬಬಾರದು.

ಫ್ಯಾನ್ ತೂಗುಹಾಕುವ ಕ್ರಮ

ಫ್ಯಾನು ಬೀಳುವುದು ಸರಳು ಮುರಿದೇ ಆಗಬೇಕೆಂದಿಲ್ಲ. ಒಂದು ಸಣ್ಣ ಪಿನ್ ಇಲ್ಲದಿದ್ದರೂ ಸಾಕು.

ಡೌನ್ ರಾಡ್‌ನ ಮೇಲ್ತುದಿಯಲ್ಲಿರುವ ಶ್ಯಾಕಲ್ ಪೆಟ್ಟಿಗೆಯ ಸರಳನ್ನು ಅಪ್ಪಿ ಹಿಡಿಯುತ್ತದೆ. ಅದರ ಬೋಲ್ಟು ಸರಳಿನ ಮೇಲಿಂದ ಹಾಯುತ್ತದೆ. ಬೋಲ್ಟಿಗೂ ಸರಳಿಗೂ ನಡುವೆ ರಬ್ಬರಿನ ಗಾಲಿ ಇರುತ್ತದೆ. ನಡುಕವನ್ನು ನುಂಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ ನೋಡಿಕೊಳ್ಳುವುದು ಈ ಗಾಲಿಯ ಕೆಲಸ. ಹಳೆಯ ಫ್ಯಾನಿನ ಒಣಗಿ ಬಿರಿದ ಗಾಲಿಯನ್ನು ಹೊಸ ಫ್ಯಾನಿಗೆ ಬಳಸುವುದು ಚೌಕಾಸಿಯಲ್ಲ, ಅಪಾಯ. ನಟ್ಟು ಬಿಗಿದ ಮೇಲೆ ಬೋಲ್ಟಿನ ತುದಿಯ ರಂಧ್ರದಲ್ಲಿ ಸ್ಪ್ಲಿಟ್ ಪಿನ್ ತೂರಿಸಿ, ಅದರ ಎರಡು ಕಾಲುಗಳನ್ನು ಎರಡು ಕಡೆಗೆ ಮಡಚಬೇಕು. ನಟ್ಟು ಸಡಿಲವಾದರೂ ಬೋಲ್ಟಿನಿಂದ ಕಳಚಿಕೊಳ್ಳದಂತೆ ತಡೆಯುವುದು ಈ ಪಿನ್ನೇ. ರಾಡಿನ ಕೆಳತುದಿ ಮೋಟಾರಿಗೆ ಸೇರುವಲ್ಲೂ ಇಂಥದೇ ಬೋಲ್ಟು, ಪಿನ್ನು ಇರುತ್ತವೆ; ಅಲ್ಲೂ ಇದೇ ನಿಯಮ. ಫ್ಯಾನಿನ ಜೊತೆ ಉಕ್ಕಿನ ಸುರಕ್ಷಾ ತಂತಿ ಕೊಟ್ಟಿದ್ದರೆ ಅದನ್ನು ಪೆಟ್ಟಿಗೆಯಲ್ಲೇ ಬಿಡದೆ ಕಟ್ಟಬೇಕು.

ತಂತಿಗಳನ್ನು ಕನೆಕ್ಟರಿನಲ್ಲಿ ಬಿಗಿಯಬೇಕು. ಬರಿದೆ ಹೊಸೆದು ಟೇಪು ಸುತ್ತಿದರೆ ನಡುಕಕ್ಕೆ ಸಡಿಲವಾಗಿ ಬಿಸಿಯೇರುತ್ತವೆ. ಫ್ಯಾನಿನ ತೂಕದ ಕಿಂಚಿತ್ ಭಾಗವೂ ತಂತಿಯ ಮೇಲೆ ಬೀಳಬಾರದು. ಕ್ಯಾನೋಪಿಯನ್ನು ಚಾವಣಿಗೆ ತಾಗಿಸದೆ ಸ್ವಲ್ಪ ಅಂತರ ಬಿಟ್ಟು ಬಿಗಿದರೆ ಗಡಗಡ ಸದ್ದು ಬರುವುದಿಲ್ಲ. ರೆಕ್ಕೆಗಳು ನೆಲದಿಂದ 2.3 ಮೀಟರಿಗಿಂತ ಎತ್ತರದಲ್ಲಿರಬೇಕು. ಚಾವಣಿಯಿಂದ ಸುಮಾರು 30 ಸೆಂ.ಮೀ. ಕೆಳಗಿದ್ದರೆ ಗಾಳಿ ಚೆನ್ನಾಗಿ ಬೀಸುತ್ತದೆ. ಹತ್ತು ಅಡಿ ಎತ್ತರದ ಕೋಣೆಯಲ್ಲಿ ಇವೆರಡಕ್ಕೂ ಅವಕಾಶವಿದೆ. ಆದರೆ ಮಕ್ಕಳ ಕೋಣೆಯ ಅಟ್ಟದ ಮಂಚ, ಸಾಮಾನಿಡುವ ಅಟ್ಟಗಳ ಬಳಿ ಮತ್ತೆ ಅಳೆದು ನೋಡಬೇಕು.

ವಿದ್ಯುತ್ ಉಳಿಸುವ ಬಿಎಲ್‌ಡಿಸಿ ಫ್ಯಾನುಗಳು ಸುಮಾರು 30 ವ್ಯಾಟ್‌ನಲ್ಲಿ ಓಡುತ್ತವೆ. ಹಳೆಯ ಬಗೆಯವು 75 ವ್ಯಾಟ್ ಆಸುಪಾಸು ಬಳಸುತ್ತವೆ. ಬಿಎಲ್‌ಡಿಸಿ ಫ್ಯಾನು ಹಾಕುವಾಗ ಗೋಡೆಯ ಹಳೆಯ ರೆಗ್ಯುಲೇಟರನ್ನು ಮಂಡಲದಿಂದ ತೆಗೆಸಬೇಕು. ಇಲ್ಲವಾದರೆ ಒಳಗಿನ ಎಲೆಕ್ಟ್ರಾನಿಕ್ ಬಿಲ್ಲೆ ಕೆಡುವ ಸಂಭವವಿದೆ.

ತೂಗುದೀಪ ಮತ್ತು ಅರ್ಥ್

ಎಲ್‌ಇಡಿ ಬಂದ ಮೇಲೆ ದೀಪಗಳು ಹಗುರವಾದವು. ಬಲ್ಬಿನ ಬ್ಯಾಟನ್ ಹೋಲ್ಡರಾಗಲಿ ದುಂಡು ಎಲ್‌ಇಡಿ ಪ್ಯಾನೆಲ್ಲಾಗಲಿ ಜಂಕ್ಷನ್ ಬಾಕ್ಸಿನ ಮೇಲೆ ನಿಶ್ಚಿಂತೆಯಿಂದ ಕೂರಬಹುದು. ಗಾಜು, ಹಿತ್ತಾಳೆಗಳ ತೂಗುದೀಪದ ಮಾತು ಬೇರೆ. ಅದರ ತೂಕ ಫ್ಯಾನಿಗಿಂತ ಎಷ್ಟೋ ಪಟ್ಟು ಇರಬಹುದಾದ್ದರಿಂದ ಅದು ಸರಳಿಗೇ ತೂಗಬೇಕು.

ಇಲ್ಲಿ ಮರೆತುಹೋಗುವ ಇನ್ನೊಂದು ವಿಷಯ ಅರ್ಥ್ ತಂತಿ. ಹಳೆಯ ಮನೆಗಳ ದೀಪದ ಪೆಟ್ಟಿಗೆಗೆ ಎರಡೇ ತಂತಿ ಬಂದಿರುವುದು ಸಾಮಾನ್ಯ. ಪ್ಲಾಸ್ಟಿಕ್ ಹೋಲ್ಡರಿಗೆ ಅಷ್ಟು ಸಾಕಾಗಿತ್ತು. ಆದರೆ ಲೋಹದ ಮೈಯ ದೀಪದೊಳಗೆ ಫೇಸ್ ತಂತಿ ಸವೆದು ತಾಗಿದರೆ ದೀಪದ ಮೈಯೆಲ್ಲ ವಿದ್ಯುತ್ತಾಗುತ್ತದೆ. ಅರ್ಥ್ ಇಲ್ಲದಿದ್ದರೆ ಧೂಳೊರೆಸುವ ಕೈಗೆ ಅದು ತಗಲುವವರೆಗೂ ಯಾರಿಗೂ ತಿಳಿಯದು. ಚೌಕದೊಳಗೊಂದು ಚೌಕದ ಗುರುತಿರುವ ದೀಪಗಳು ಇಮ್ಮಡಿ ಇನ್ಸುಲೇಶನ್ ಉಳ್ಳವು; ಅವಕ್ಕೆ ಅರ್ಥ್ ಬೇಕಿಲ್ಲ. ಆ ಗುರುತಿಲ್ಲದ ಲೋಹದ ದೀಪಕ್ಕೆ ಅರ್ಥ್ ಎಳೆಸುವುದು ಕಡ್ಡಾಯವೆಂದೇ ತಿಳಿಯಬೇಕು. ನ್ಯೂಟ್ರಲನ್ನೇ ಅರ್ಥ್ ಎಂದು ಕೂಡಿಸುವ ಅಡ್ಡದಾರಿ ಪ್ರಾಣಾಪಾಯಕಾರಿ.

ಸರಳಿಲ್ಲದ ಕಡೆ

ಬೇಕಾದಲ್ಲಿ ಫ್ಯಾನ್ ಬಾಕ್ಸ್ ಇಲ್ಲದಿದ್ದರೆ ಕಾಂಕ್ರೀಟಿಗೆ ರಂಧ್ರ ಕೊರೆದು, ಉಕ್ಕಿನ ಆಂಕರ್ ಫಾಸ್ಟನರ್‌ಗಳಿಂದ ಕೊಕ್ಕೆಯುಳ್ಳ ಪಟ್ಟಿಯನ್ನು ಹಿಡಿಸುವ ದಾರಿಯಿದೆ. ಗೋಡೆಗೆ ಚಿತ್ರಪಟ ಹಾಕಲು ಬಳಸುವ ಪ್ಲಾಸ್ಟಿಕ್ ಪ್ಲಗ್ಗುಗಳು ಈ ಕೆಲಸಕ್ಕೆ ಅಲ್ಲ. ರಂಧ್ರ ಗಟ್ಟಿ ಕಾಂಕ್ರೀಟಿನಲ್ಲಿರಬೇಕು, ಬರಿಯ ಗಿಲಾವಿನಲ್ಲಲ್ಲ. ಕಂಬಿಯನ್ನೂ ಹುದುಗಿದ ಪೈಪನ್ನೂ ತಪ್ಪಿಸಬೇಕು. ಪೈಪಿನೊಳಗಿನ ತಂತಿಗೆ ಡ್ರಿಲ್ ತಗಲಿದರೆ ಕೆಲಸಗಾರನಿಗೇ ಆಘಾತ. ಟೊಳ್ಳು ಇಟ್ಟಿಗೆಯ ಅಥವಾ ಉದುರುತ್ತಿರುವ ತಾರಸಿಯಲ್ಲಿ ಈ ದಾರಿಯೂ ಮುಚ್ಚಿದಂತೆಯೇ. ಅಲ್ಲಿ ಗೋಡೆಯ ಫ್ಯಾನೇ ಕ್ಷೇಮ.

ಯಾವುದು ಯಾರ ಕೆಲಸ

ಮನೆಯಲ್ಲಿರುವ ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಅದೇ ಬಗೆಯದರಿಂದ ಬದಲಿಸುವುದನ್ನು ಕಾನೂನು ತಡೆಯುವುದಿಲ್ಲ. ಹೊಸ ತಂತಿ ಎಳೆಯುವುದು, ಹೊಸ ಪಾಯಿಂಟ್ ಸೇರಿಸುವುದು, ಇರುವುದನ್ನು ಮಾರ್ಪಡಿಸುವುದು ಮಾತ್ರ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಆಗಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿದ್ದ ಈ ತತ್ತ್ವ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲೂ ಮುಂದುವರಿದಿದೆ.

ಕಾನೂನು ತಡೆಯದಿದ್ದರೂ ಒಬ್ಬರೇ ಮಾಡುವ ಕೆಲಸ ಇದಲ್ಲ. ಮಂಚದ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತುವ ಅಭ್ಯಾಸ ವಿದ್ಯುತ್ತಿನಷ್ಟೇ ಅಪಾಯಕಾರಿ. ಮರದ ಅಥವಾ ಫೈಬರ್ ಏಣಿ, ಒಣಗಿದ ಕೈ, ಕೆಳಗೆ ಏಣಿ ಹಿಡಿದು ಫ್ಯಾನನ್ನು ಎತ್ತಿಕೊಡಲು ಇನ್ನೊಬ್ಬರು, ಇವಿಷ್ಟೂ ಬೇಕು. ಸುಟ್ಟ ವಾಸನೆ, ಕರಕಲಾದ ತಂತಿ, ತುಕ್ಕು ಹಿಡಿದ ಸರಳು, ಒದ್ದೆ ಪೆಟ್ಟಿಗೆ ಇವುಗಳಲ್ಲಿ ಯಾವುದೊಂದು ಕಂಡರೂ ಮುಚ್ಚಳ ಮುಚ್ಚಿ, ಆ ಎಂಸಿಬಿಯನ್ನು ಇಳಿಸಿಟ್ಟು, ಬಲ್ಲವರನ್ನು ಕರೆಸುವುದೇ ವಿವೇಕ.

ಮನೆ ಕಟ್ಟಿಸುತ್ತಿರುವವರಿಗೆ ಇನ್ನೊಂದು ಮಾತು. ಕಂಬಿ ಕಟ್ಟಿ ಮುಗಿದು ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಸೆಂಟ್ರಿಂಗ್ ಮೇಲೆ ಹತ್ತಿ ನೋಡಬೇಕು. ಪ್ರತಿ ಕೋಣೆಯಲ್ಲೂ ಫ್ಯಾನ್ ಬಾಕ್ಸ್ ನಡುಮಧ್ಯೆ ಇದೆಯೇ, ಅದರ ಸರಳು ಕಂಬಿಗೆ ಬಿಗಿದಿದೆಯೇ, ತೂಗುದೀಪ ಬರಬೇಕಾದಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆ ಕೂತಿಲ್ಲವಷ್ಟೆ ಎಂದು ಪರಿಶೀಲಿಸಬೇಕು. ಗೋಡೆಯಿಂದ ಅಳತೆ ಹಿಡಿದು, ಪೈಪುಗಳು ಹಾದ ದಾರಿ ಕಾಣುವಂತೆ ಛಾಯಾಚಿತ್ರ ತೆಗೆದು ಮನೆಯ ಕಾಗದಪತ್ರಗಳೊಂದಿಗೆ ಇಡಬೇಕು. ಮರುದಿನ ಕಾಂಕ್ರೀಟ್ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆಮೇಲೆ ಹತ್ತಾರು ವರ್ಷಗಳ ಕಾಲ ಆ ಮನೆಯವರು ಮಲಗುವುದು, ಅಂದು ಕಟ್ಟಿದ ಆ ಒಂದು ಸರಳನ್ನು ನಂಬಿಯೇ.